ಗಿರಿಜಾ ಮೇಡಂ ಕೇಳಿದ ಸರ್ವರ್

ಹೋದ ತಿಂಗಳು ಕಡೂರಿನ ಬಟ್ಟೆ ಅಂಗಡಿಯೊಂದರಲ್ಲಿ ಮಗಳಿಗೆ ಸ್ವೆಟರ್ ಕೊಳ್ಳಲು ನಿಂತಿದ್ದೆವು. ಅಂಗಡಿಯವನು ಅಟ್ಟದ ಮೇಲಿಂದ ಒಂದು ಟ್ರಂಕು ಇಳಿಸಿ ಮುಚ್ಚಳ ತೆಗೆದ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹೆಂಡತಿ ಒಂದು ಕೆಂಪು ಸ್ವೆಟರ್ ಹಿಡಿದು "ಇದು ಪರವಾಗಿಲ್ವೇನ್ರೀ?" ಎಂದು ಎರಡು ಸಲ ಕೇಳಿದಳಂತೆ. ನನಗೆ ಕೇಳಿಸಲಿಲ್ಲ.

ಆ ವಾಸನೆ ನನ್ನ ಪಾಲಿಗೆ ಒಂದೇ ಜಾಗದ್ದು. ತರೀಕೆರೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಲೈಬ್ರರಿಯದು. ಅದರ ಹಿಂದೆಯೇ ಒಂದು ಮಳೆಗಾಲ ನೆನಪಾಗುತ್ತದೆ. ಎಂಟು ವರ್ಷದ ಹಿಂದಿನ ಮಾತು. ಒಬ್ಬಳನ್ನು ಬಿಟ್ಟು ಯಾರಿಗೂ ಅದನ್ನು ಪೂರ್ತಿಯಾಗಿ ಹೇಳಿಲ್ಲ. ಹೆಂಡತಿಗೆ ಅರ್ಧ ಗೊತ್ತು.

ಆಗ ನನಗೆ ಇಪ್ಪತ್ತೊಂಬತ್ತು. ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಕಡೂರಿನಲ್ಲಿ ಬೆಳಗಿನ ರೈಲು ಹತ್ತಿ, ಬೀರೂರು ದಾಟಿ ತರೀಕೆರೆಗೆ ಹೋಗಿ ಬರುತ್ತಿದ್ದೆ. ಕಡೂರಿನಲ್ಲಿ ಬರಿಯ ಮೋಡವಿದ್ದ ದಿನ ತರೀಕೆರೆಯಲ್ಲಿ ಮಳೆ ಹಿಡಿದಿರುತ್ತಿತ್ತು. ಮನೆಯಿಂದ ಒಣ ಬಟ್ಟೆಯಲ್ಲಿ ಹೊರಟವನು ಮೊಣಕಾಲವರೆಗೆ ನೆನೆದು ಕಾಲೇಜು ಸೇರುತ್ತಿದ್ದೆ. ಲ್ಯಾಬಿನ ಪಕ್ಕದ ಕೋಣೆಯೇ ಲೈಬ್ರರಿ. ಅಲ್ಲಿನ ಗಿರಿಜಾ ಮೇಡಂ ನನ್ನ ಒದ್ದೆ ಛತ್ರಿಗೆಂದು ಬಾಗಿಲ ಮೂಲೆಯಲ್ಲಿ ಒಂದು ಬಕೆಟ್ ಇಟ್ಟಿದ್ದರು.

ಅವರಿಗೆ ನಲವತ್ತೊಂದು. ಅಜ್ಜಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಡ ಬೈಕ್ ಅಪಘಾತದಲ್ಲಿ ಹೋಗಿ ಒಂಬತ್ತು ವರ್ಷವಾಗಿತ್ತು. ಆಮೇಲೆ ಅಂಚೆ ಶಿಕ್ಷಣದಲ್ಲಿ ಓದಿ ಈ ಕೆಲಸ ಹಿಡಿದವರು. ಮನೆಯಲ್ಲಿ ಅತ್ತೆ, ಪಿಯುಸಿ ಎರಡನೇ ವರ್ಷದ ಮಗಳು ಸಿಂಚನ. ಮೇಡಂ ಮಾತು ಕಡಿಮೆ. ವಯಸ್ಸಿನಲ್ಲಿ ನಾನು ಹನ್ನೆರಡು ವರ್ಷ ಚಿಕ್ಕವನಾದರೂ ನನ್ನನ್ನು ಸರ್ ಎಂದೇ ಕರೆಯುತ್ತಿದ್ದರು. ಒಮ್ಮೆ ವಿದ್ಯಾರ್ಥಿನಿಯೊಬ್ಬಳ ತಂದೆ ಬಂದು, ಮಗಳು ಯಾವ ಯಾವ ಪುಸ್ತಕ ಒಯ್ದಿದ್ದಾಳೆ, ರಿಜಿಸ್ಟರ್ ತೋರಿಸಿ ಎಂದು ಪಟ್ಟು ಹಿಡಿದ. ಮೇಡಂ ರಿಜಿಸ್ಟರ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು, "ಅವಳನ್ನೇ ಕೇಳಿ ಯಜಮಾನ್ರೇ, ಅವಳು ಹೇಳ್ತಾಳೆ" ಎಂದಷ್ಟೇ ಹೇಳಿದ್ದರು. ಆತ ಪ್ರಿನ್ಸಿಪಾಲರ ತನಕ ಹೋದರೂ ಆ ಕೈ ಏಳಲಿಲ್ಲ.

ಆ ವರ್ಷ ಕಾಲೇಜು ಒಂದು ಇ-ಲೈಬ್ರರಿಗೆ ಸದಸ್ಯತ್ವ ಪಡೆಯಿತು. ಪುಸ್ತಕ, ಸಂಶೋಧನಾ ಲೇಖನಗಳೆಲ್ಲ ಕಂಪ್ಯೂಟರಿನಲ್ಲೇ ಸಿಗುತ್ತವೆ. ಆದರೆ ಒಂದು ಷರತ್ತಿತ್ತು. ನಾವು ಮೊದಲೇ ಬರೆದುಕೊಟ್ಟ ಒಂದು ಇಂಟರ್ನೆಟ್ ವಿಳಾಸದಿಂದ ಬಂದರೆ ಮಾತ್ರ ಒಳಗೆ ಬಿಡುತ್ತಿದ್ದರು. ನಮ್ಮ ಕಾಲೇಜಿನ ಸಂಪರ್ಕದ ವಿಳಾಸವೋ, ಕರೆಂಟ್ ಹೋಗಿ ಬಂದಾಗಲೆಲ್ಲ ಬದಲಾಗುತ್ತಿತ್ತು. ಆ ಮಳೆಯಲ್ಲಿ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಮೇಡಂ ಹೊಸ ವಿಳಾಸ ಬರೆದು ಮೇಲ್ ಕಳಿಸುವರು. ಇ-ಲೈಬ್ರರಿಯವರು ಅದನ್ನು ಸರಿಮಾಡಲು ಎರಡು ದಿನ. ಅಷ್ಟರಲ್ಲಿ ವಿಳಾಸ ಮತ್ತೆ ಬೇರೆಯಾಗಿರುತ್ತಿತ್ತು.

"ಬದ್ಲಾಗ್ದೇ ಇರೋ ಅಡ್ರೆಸ್ ಎಲ್ಲೂ ಸಿಗಲ್ವಾ ಓಂಕಾರ್ ಸರ್?" ಎಂದು ಕೇಳಿದರು.

"ಸಿಗುತ್ತೆ ಮೇಡಂ. ಬೇರೆ ಊರಲ್ಲಿರೋ ಒಂದು ಕಂಪ್ಯೂಟರ್‌ನ ನಾವು ಬಾಡಿಗೆಗೆ ತಗೋಬೇಕು. ಅದರ ಅಡ್ರೆಸ್ ಬದ್ಲಾಗಲ್ಲ. ನಾವು ಅದಕ್ಕೆ ಕೇಳೋದು, ಅದು ನಮ್ಮ ಪರವಾಗಿ ಹೋಗಿ ಪುಸ್ತಕ ತಂದ್ಕೊಡೋದು. ಪ್ರಾಕ್ಸಿ ಅಂತಾರೆ."

"ಹುಡುಗ್ರು ಹಾಜರಿಗೆ ಕೂಗ್ತಾರಲ್ಲ, ಆ ಪ್ರಾಕ್ಸಿನಾ?" ಎಂದು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ.

ಲ್ಯಾಬಿನ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಗೊತ್ತಿತ್ತೇ ಹೊರತು ಇಂಥದ್ದನ್ನು ನಾನು ಮಾಡಿರಲಿಲ್ಲ. ಆದರೂ "ಒಂದು ದಿನದ ಕೆಲ್ಸ ಬಿಡಿ" ಎಂದುಬಿಟ್ಟೆ. ಒಂಬತ್ತು ದಿನ ಹಿಡಿಯಿತು.

ಕ್ಲೌಡ್ ಕಂಪನಿಯೊಂದು ಮೊದಲ ವರ್ಷ ಪುಕ್ಕಟೆಯಾಗಿ ವರ್ಚುವಲ್ ಮೆಶಿನ್ ಕೊಡುತ್ತಿತ್ತು. ಮುಂಬೈಯ ಯಾವುದೋ ಕಟ್ಟಡದಲ್ಲಿರುವ ದೊಡ್ಡ ಕಂಪ್ಯೂಟರಿನೊಳಗೆ ನಮಗೆಂದು ಬಿಟ್ಟುಕೊಟ್ಟ ಒಂದು ಪಾಲು ಅದು. ಮುಟ್ಟಲು ಸಿಗದು, ಆದರೆ ಇಲ್ಲಿ ಕುಳಿತು ಹೇಳಿದ್ದನ್ನೆಲ್ಲ ಮಾಡುತ್ತದೆ. ಮಧ್ಯಾಹ್ನ ಮೂರರ ಮೇಲೆ ಲ್ಯಾಬ್ ಖಾಲಿಯಾದಾಗ ಇಬ್ಬರೂ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ನಾನು ಆದೇಶ ಬರೆಯುತ್ತಿದ್ದೆ. ಮೇಡಂ ಹೊಸ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತ, ಈಗೇನು ಮಾಡಿದಿರಿ, ಅದು ಯಾಕೆ ಎಂದು ಕೇಳುತ್ತಿದ್ದರು. ಕರೆಂಟ್ ಹೋದರೆ ಯುಪಿಎಸ್ ಕಿರ್ರೆಂದು ಕೂಗಿಕೊಳ್ಳುತ್ತಿತ್ತು. ಅದು ಸುಮ್ಮನಾಗುವ ಮೊದಲು ಮಾಡಿದ್ದನ್ನು ಉಳಿಸಬೇಕು. ಹೊರಗೆ ಹೆಂಚಿನಿಂದ ನೀರು ಇಳಿಯುತ್ತಲೇ ಇರುತ್ತಿತ್ತು.

ಪ್ರಾಕ್ಸಿ ತಂತ್ರಾಂಶ ಹಾಕಿದ್ದಾಯಿತು, ಅದು ಓಡುತ್ತಿದೆ ಎಂದು ಮೆಶಿನ್ನೇ ಹೇಳುತ್ತಿತ್ತು. ಆದರೆ ನಾವು ಇಲ್ಲಿಂದ ಕೇಳಿದರೆ ಉತ್ತರವಿಲ್ಲ. ಎರಡು ಸಲ ಎಲ್ಲವನ್ನೂ ಕಿತ್ತುಹಾಕಿ ಮೊದಲಿಂದ ಮಾಡಿದೆ. ಮೂರು ದಿನ ಹೀಗೇ ಹೋಯಿತು. ನನಗೆ ಸಿಟ್ಟು ಬಂದಿತ್ತು. ಆಗ ಮೇಡಂ ಗೋಂದಿನ ಬೆರಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಮನೆ ಬಾಗ್ಲು ತೆಗ್ದಿದೀನಿ ಅಂತೀರಿ ಸರ್. ಆ ಕಂಪನಿಯವ್ರದ್ದೇ ಒಂದು ಕಾಂಪೌಂಡ್ ಗೇಟ್ ಇರ್ಬೋದಲ್ವಾ?" ಎಂದರು.

ಇತ್ತು. ಕಂಪನಿಯದೇ ಒಂದು ಫೈರ್‌ವಾಲ್ ಹೊರಗಿತ್ತು. ಅಲ್ಲಿಯೂ ನಮಗೆ ಬೇಕಾದ ಬಾಗಿಲನ್ನು, ಅಂದರೆ ಪೋರ್ಟನ್ನು, ತೆರೆಯಬೇಕಿತ್ತು. ತೆರೆದ ಮರುಗಳಿಗೆಯೇ ಇ-ಲೈಬ್ರರಿಯ ಮುಖಪುಟ ಬಂದು ನಿಂತಿತು. ಮೇಡಂ ಹಿಸ್ಟರಿ ಮೇಷ್ಟ್ರನ್ನು ಕರೆತರಲು ಓಡಿಯೇ ಹೋದರು. ಆ ಮೇಷ್ಟ್ರು ಅಮೃತಾಪುರದವರು, ತಮ್ಮೂರಿನ ದೇವಸ್ಥಾನದ ಶಿಲ್ಪದ ಬಗ್ಗೆ ಬಂದಿದ್ದ ಒಂದು ಲೇಖನಕ್ಕಾಗಿ ಎರಡು ವರ್ಷದಿಂದ ಹುಡುಕುತ್ತಿದ್ದರು. ಅವತ್ತು ಅದು ಸಿಕ್ಕಿತು. ನಿಂತುಕೊಂಡೇ ಹನ್ನೊಂದು ಪುಟ ಓದಿದರು. ಆ ಸಂಜೆಯ ಬಗ್ಗೆ ನನಗೆ ಈಗಲೂ ಯಾವ ಬೇಸರವೂ ಇಲ್ಲ.

ಕಂಡವರೆಲ್ಲ ಬಳಸದಂತೆ ಪ್ರತಿಯೊಬ್ಬರಿಗೂ ಒಂದು ಹೆಸರು, ಪಾಸ್‌ವರ್ಡ್ ಕೊಡಬೇಕಿತ್ತು. ಮೇಡಂ ನೋಟ್‌ಬುಕ್ಕಿನಲ್ಲಿ ನಲವತ್ತು ಹೆಸರು ಬರೆದರು. ಬರೆಯುತ್ತ ತಲೆಯೆತ್ತಿ ಕೇಳಿದರು: "ಯಾರು ಏನ್ ನೋಡಿದ್ರು ಅಂತ ಇದು ಬರ್ಕೊಳುತ್ತಾ ಸರ್?"

ಬರೆದುಕೊಳ್ಳುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ಸೈಟಿಗೆ ಹೋದರು ಎಂಬುದು ಒಂದೊಂದು ಸಾಲಾಗಿ ಲಾಗ್ ಎಂಬ ಕಡತದಲ್ಲಿ ಸೇರುತ್ತ ಹೋಗುತ್ತದೆ. ಸೈಟಿನ ಹೆಸರಷ್ಟೇ ಕಾಣುತ್ತದೆ. ಒಳಗೆ ಏನು ಓದಿದರು, ಏನು ಬರೆದರು ಎಂಬುದು ಕಾಣದು. ಬೇಡವೆಂದರೆ ಒಂದು ಸಾಲು ಬರೆದು ಅದನ್ನು ನಿಲ್ಲಿಸಬಹುದು. ಇಷ್ಟನ್ನೂ ಹೇಳಬಹುದಿತ್ತು.

"ಬರ್ಕೊಳುತ್ತೆ ಮೇಡಂ. ಆದ್ರೆ ಅದನ್ನ ಯಾರು ಕೂತ್ಕೊಂಡು ಓದ್ತಾರೆ?" ಎಂದೆ.

"ಅದೂ ಸರಿ ಅನ್ನಿ" ಎಂದು ಅವರು ಮುಂದಿನ ಹೆಸರು ಬರೆಯತೊಡಗಿದರು.

ಆಷಾಢದ ಒಂದು ಭಾನುವಾರ ಅವರ ಲ್ಯಾಪ್‌ಟಾಪಿಗೆ ಇದನ್ನೆಲ್ಲ ಜೋಡಿಸಿಕೊಡಲು ಅಜ್ಜಂಪುರಕ್ಕೆ ಹೋಗಿದ್ದೆ. ಮನೆಯಿಂದಲೂ ಇ-ಲೈಬ್ರರಿ ತೆರೆಯುವುದಾದರೆ ಅದನ್ನು ಉಳಿದ ಉಪನ್ಯಾಸಕರಿಗೂ ಹೇಳಿಕೊಡಬಹುದು ಎಂಬುದು ಅವರ ಆಸೆ. ಅವರ ಅತ್ತೆ ಮಂಡಕ್ಕಿ ಕಲಸಿ, ಕಾಫಿ ಕೊಟ್ಟು, ಕಡೂರಿನಲ್ಲಿ ನಮ್ಮ ಮನೆ ಎಲ್ಲಿ, ನಮ್ಮಪ್ಪ ಯಾರು ಎಂದೆಲ್ಲ ವಿಚಾರಿಸಿದರು. ಸಿಂಚನ ಎರಡು ಜಡೆ ಹಾಕಿಕೊಂಡು ಪಕ್ಕದಲ್ಲಿ ನಿಂತು, "ಫಿಸಿಕ್ಸ್ ಹಳೇ ಪೇಪರ್ ಸಿಗುತ್ತಾ ಸರ್ ಇದ್ರಲ್ಲಿ?" ಎಂದು ಕೇಳಿದಳು.

ಸರಿಯಾದ ಕ್ರಮವೆಂದರೆ, ಇ-ಲೈಬ್ರರಿಗೆ ಹೋಗುವಾಗ ಮಾತ್ರ ನಮ್ಮ ಸರ್ವರ್ ಮೂಲಕ ಹೋಗು, ಉಳಿದದ್ದಕ್ಕೆ ನೇರವಾಗಿ ಹೋಗು ಎಂದು ಲ್ಯಾಪ್‌ಟಾಪಿಗೆ ಹೇಳುವುದು. ಅದಕ್ಕೊಂದು ಸಣ್ಣ ಕಡತ ಬರೆಯಬೇಕು. ಹತ್ತು ನಿಮಿಷದ ಕೆಲಸ. ಬಸ್ಸಿಗೆ ಹೊತ್ತಾಗಿತ್ತು, ಮೋಡ ಕವಿದಿತ್ತು. ಎಲ್ಲವೂ ಸರ್ವರ್ ಮೂಲಕವೇ ಹೋಗಲಿ ಎಂದು ಒಂದು ಕಡೆ ಟಿಕ್ ಮಾಡಿ, "ಹಿಂಗೇ ಬಿಟ್ಬಿಡಿ ಮೇಡಂ, ಏನೂ ಮುಟ್ಬೇಡಿ" ಎಂದು ಎದ್ದೆ. ಅಂದಿನಿಂದ ಅವರು ಆ ಲ್ಯಾಪ್‌ಟಾಪಿನಲ್ಲಿ ಏನು ತೆರೆದರೂ ಅವರ ಹೆಸರಿನ ಎದುರು ಒಂದು ಸಾಲು ಬೀಳುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಶ್ರಾವಣ ಬಂತು. ಸರ್ವರ್ ಒಂದು ದಿನವೂ ನಿಲ್ಲದೆ ಓಡುತ್ತಿತ್ತು. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ಮೇಡಂ ಹೆಸರನ್ನು ಅವರು ಮರೆತರು, ನಾನೂ ನೆನಪಿಸಲಿಲ್ಲ. ಮೀಟಿಂಗ್ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಾಮರ್ಸಿನ ಜಗದೀಶ್ ಸರ್ ನನ್ನನ್ನು ಹಿಡಿದುಕೊಂಡರು.

"ಏನಪ್ಪಾ ಓಂಕಾರಪ್ಪ, ನಾಲ್ಕು ಪೇಪರ್ ಓದೋಕೆ ಇಷ್ಟೊಂದು ತಿಪ್ಪರಲಾಗ ಹಾಕ್ಬೇಕಾ? ಯಾರಾದ್ರೂ ಉಪಯೋಗಿಸ್ತಾರಾ ಅದನ್ನ?"

"ಯಾರು ಎಷ್ಟೊತ್ತಿಗೆ ಓದಿದ್ರು ಅಂತ ಹೇಳ್ಬಲ್ಲೆ ಸರ್, ನೋಡಿ ಬೇಕಾದ್ರೆ" ಎಂದು ಲ್ಯಾಪ್‌ಟಾಪ್ ತೆರೆದು ಲಾಗ್ ತೋರಿಸಿದೆ. ಹೆಸರು, ಸಮಯ, ಸೈಟು. ಸಾಲುಗಳು ಕೆಳಗಿಂದ ಮೇಲಕ್ಕೆ ಸರಿಯುತ್ತಿದ್ದವು. ಜಗದೀಶ್ ಸರ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದೇನೋ ಇದು?"

ಅದು ವಧೂವರರ ಸೈಟು. ಎರಡನೇ ಮದುವೆಯವರಿಗಾಗಿಯೇ ಇರುವಂಥದ್ದು, ಹೆಸರಿನಲ್ಲೇ ಗೊತ್ತಾಗುತ್ತಿತ್ತು. ಎದುರಿಗೆ ಗಿರಿಜಾ ಮೇಡಂ ಹೆಸರು. ಹಿಂದಿನ ಸಂಜೆಯದು, ಅದರ ಹಿಂದಿನ ಸಂಜೆಯದು.

ಆಗ ಲ್ಯಾಪ್‌ಟಾಪ್ ಮುಚ್ಚಬಹುದಿತ್ತು. ಯಾವುದೋ ಜಾಹೀರಾತು ಸರ್, ತಾನಾಗೇ ಬರುತ್ತೆ ಎನ್ನಬಹುದಿತ್ತು. ಅವರು ನಂಬುತ್ತಿದ್ದರು, ಅವರಿಗೇನೂ ಗೊತ್ತಿರಲಿಲ್ಲ. ನಾನು, "ನಮ್ಮ ಮೇಡಂ ಸದ್ಯದಲ್ಲೇ ಹೋಳಿಗೆ ಊಟ ಹಾಕಿಸ್ತಾರೆ ಅನ್ಸುತ್ತೆ ಸರ್" ಎಂದೆ. ಅವರು ಮೇಜು ತಟ್ಟಿ ನಕ್ಕರು. ನಾನೂ ನಕ್ಕೆ. ಸ್ಟಾಫ್ ರೂಮಿನಲ್ಲಿ ಇನ್ನೂ ಇಬ್ಬರಿದ್ದರು. ಏನು ವಿಷಯ ಎಂದು ಅವರು ಕೇಳಿದಾಗ ಜಗದೀಶ್ ಸರ್ ಹೇಳಿದರು.

ಜಗದೀಶ್ ಸರ್ ಅವರ ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ಆ ಮಾತು ಯಾವ ಮನೆಯಿಂದ ಯಾವ ಮನೆಗೆ ಹೋಯಿತೋ ನನಗೆ ಗೊತ್ತಿಲ್ಲ. ಒಂದು ವಾರ ಸಾಕಾಯಿತು.

ಮೇಡಂ ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ನಿಂತರು. ವಿದ್ಯಾರ್ಥಿಗಳೆಲ್ಲ ಹೋಗಿದ್ದರು. ಕುರ್ಚಿ ಎಳೆದುಕೊಟ್ಟೆ. ಕೂರಲಿಲ್ಲ.

"ಭಾನುವಾರ ನಮ್ಮ ಮೈದುನ ಬಂದಿದ್ರು ಸರ್. ಆ ಸೈಟಿನ ಹೆಸ್ರು ಹೇಳಿ, ಇದ್ರಲ್ಲಿ ಏನ್ ಹುಡುಕ್ತಿದೀರಿ ಅತ್ಗೆ ಅಂತ ಕೇಳಿದ್ರು. ನಮ್ಮತ್ತೆ ಮುಂದೆ. ಸಿಂಚನ ಮುಂದೆ."

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಆ ಹೆಸ್ರು ನಾನು ಯಾರಿಗೂ ಹೇಳಿಲ್ಲ. ನಮ್ಮಮ್ಮಂಗೂ ಹೇಳಿಲ್ಲ. ಗೊತ್ತಿದ್ದಿದ್ದು ನನ್ನ ಲ್ಯಾಪ್‌ಟಾಪಿಗೆ, ಇನ್ನು ನಿಮ್ಮ ಸರ್ವರ್‌ಗೆ."

"ಜಗದೀಶ್ ಸರ್ ನೋಡ್ಬಿಟ್ರು ಮೇಡಂ. ನಾನು ಬೇರೇನೋ ತೋರಿಸ್ತಿದ್ದೆ. ಅವ್ರ ಕಣ್ಣಿಗೆ ಬಿತ್ತು."

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೋಳಿಗೆ ಊಟದ ಮಾತನ್ನು ಮಾತ್ರ ಹೇಳಲಿಲ್ಲ. ಮೇಡಂ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನನಗೆ ಕೀಬೋರ್ಡ್ ಬಿಟ್ಟು ಬೇರೆಲ್ಲೂ ನೋಡಲಾಗಲಿಲ್ಲ.

"ಆ ಸೈಟಲ್ಲಿ ಸಿಕ್ಕಿದ್ದು ಪಂಚನಹಳ್ಳಿ ಕಡೆಯವ್ರು. ಹೈಸ್ಕೂಲ್ ಮೇಷ್ಟ್ರು. ಅವ್ರ ಮನೆಯವ್ರು ತೀರ್ಕೊಂಡು ಆರು ವರ್ಷ ಆಯ್ತಂತೆ" ಎಂದರು. ಯಾರಿಗೋ ವರದಿ ಒಪ್ಪಿಸುವ ಹಾಗಿತ್ತು ಧ್ವನಿ. "ಎರಡು ಸಲ ಫೋನಲ್ಲಿ ಮಾತಾಡಿದೀನಿ, ಅಷ್ಟೇ. ಸಿಂಚನ ಪರೀಕ್ಷೆ ಮುಗೀಲಿ, ಆಮೇಲೆ ಅವಳನ್ನ ಕೂರಿಸ್ಕೊಂಡು ಹೇಳೋಣ, ಅವಳು ಬೇಡ ಅಂದ್ರೆ ಬೇಡ ಅಂತ ಅವ್ರಿಗೂ ಹೇಳಿದ್ದೆ. ಅವಳಿಗೆ ನಾನು ಹೇಳ್ಬೇಕಿತ್ತು ಸರ್."

ಆಮೇಲೆ, "ಅದನ್ನ ಅಳಿಸೋಕೆ ಬರುತ್ತಾ?" ಎಂದು ಕೇಳಿದರು.

ಅವರೆದುರಿಗೇ ಮುಂಬೈಯ ಮೆಶಿನ್ನಿಗೆ ಹೋಗಿ ಲಾಗ್ ಅಳಿಸಿದೆ. ಮುಂದೆ ಬರೆದುಕೊಳ್ಳಬೇಡ ಎಂಬ ಸಾಲನ್ನೂ ಸೇರಿಸಿದೆ. ಎರಡೂ ಸೇರಿ ಒಂದು ನಿಮಿಷವೂ ಆಗಲಿಲ್ಲ.

"ಇಷ್ಟೇನಾ?" ಎಂದರು.

"ಇಷ್ಟೇ ಮೇಡಂ."

ಅವರು ತಲೆಯಾಡಿಸಿ, ಸೆರಗು ಹೊದ್ದುಕೊಂಡು ಬಸ್ಸಿಗೆ ಹೋದರು. ಕ್ಷಮಿಸಿ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಕಾರಿಡಾರಿನವರೆಗೂ ಹಿಂದೆ ಹೋದವನು, ಎದುರಿಗೆ ಅಟೆಂಡರ್ ಬಂದನೆಂದು ಹಿಂತಿರುಗಿದೆ.

ಮುಂದಿನ ತಿಂಗಳುಗಳಲ್ಲಿ ಅವರು ನನ್ನ ಜತೆ ಕೆಲಸಕ್ಕೆ ಬೇಕಾದಷ್ಟು ಮಾತಾಡಿದರು. ಛತ್ರಿಯ ಬಕೆಟ್ ಅಲ್ಲೇ ಇತ್ತು. ಮಳೆ ನಿಂತ ಮೇಲೂ ಅದನ್ನು ತೆಗೆಯಲಿಲ್ಲ. ಅವರು ಸ್ಟಾಫ್ ರೂಮಿಗೆ ಬಂದರೆ ಮಾತು ನಿಲ್ಲುತ್ತಿತ್ತು, ಹೊರಟ ಮೇಲೆ ಸಣ್ಣಗೆ ನಗು ಏಳುತ್ತಿತ್ತು. ಆ ನಗುವನ್ನು ಶುರು ಮಾಡಿದವನು ನಾನೇ ಆದ್ದರಿಂದ ನಿಲ್ಲಿಸಿ ಎನ್ನುವ ಬಾಯಿ ನನಗಿರಲಿಲ್ಲ. ಊಟದ ಡಬ್ಬಿಯನ್ನು ಅವರು ಲೈಬ್ರರಿಯಲ್ಲೇ ಬಿಚ್ಚಲು ಶುರು ಮಾಡಿದರು. ವರ್ಷದ ಕೊನೆಗೆ ರಾಜೀನಾಮೆ ಕೊಟ್ಟು, ಹೊಸದುರ್ಗದ ಕಡೆ ಒಂದು ವಸತಿ ಶಾಲೆಯ ಲೈಬ್ರರಿಗೆ ಸೇರಿದರು. ಕೊನೆಯ ದಿನ ನಲವತ್ತು ಹೆಸರಿನ ನೋಟ್‌ಬುಕ್ ತಂದುಕೊಟ್ಟು, "ಮೊದ್ಲು ನನ್ನದು ತೆಗೀರಿ ಸರ್" ಎಂದರು. ತೆಗೆದೆ.

ಮರುವರ್ಷದ ಮಳೆಗಾಲಕ್ಕೆ ಕ್ಲೌಡ್ ಕಂಪನಿಯ ಪುಕ್ಕಟೆ ಅವಧಿ ಮುಗಿಯಿತು. ಮುಂದುವರಿಸಲು ಕಾಲೇಜಿಗೆ ಆಸಕ್ತಿ ಇರಲಿಲ್ಲ, ಕೇಳುವವರೂ ಇರಲಿಲ್ಲ. ಮೆಶಿನ್ ಅಳಿಸಲೇ ಎಂದು ಕಂಪನಿಯ ಸೈಟು ಎರಡು ಸಲ ಕೇಳಿತು. ಎರಡೂ ಸಲ ಹೌದು ಎಂದೆ. ನಾನೂ ಹೆಚ್ಚು ದಿನ ಅಲ್ಲಿರಲಿಲ್ಲ. ಕಡೂರಿನಲ್ಲಿ ಪಹಣಿ, ಅರ್ಜಿ, ಜೆರಾಕ್ಸ್ ಮಾಡಿಕೊಡುವ ಅಂಗಡಿ ಇಟ್ಟುಕೊಂಡೆ. ಮೇಡಂಗೆ ಪತ್ರ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಒಮ್ಮೆ ಹಬ್ಬಕ್ಕೆ ಊರಿಗೆ ಬಂದಿದ್ದಾರೆಂದು ತಿಳಿದು ಬೈಕಿನಲ್ಲಿ ಅಜ್ಜಂಪುರದವರೆಗೂ ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಟೀ ಕುಡಿದು ವಾಪಸು ಬಂದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಯುವತಿ ಬಂದಳು. ಶಿಕ್ಷಕಿ ಹುದ್ದೆಗೆ ಆನ್‌ಲೈನ್ ಅರ್ಜಿ ಹಾಕಬೇಕಿತ್ತು. ಅಂಕಪಟ್ಟಿಗಳನ್ನು ಮೇಜಿನ ಮೇಲಿಟ್ಟು, "ಗುರ್ತು ಸಿಗ್ಲಿಲ್ವಾ ಸರ್? ನಾನು ಸಿಂಚನ. ಗಿರಿಜಾ ಮೇಡಂ ಮಗ್ಳು" ಎಂದಳು. ಜಡೆ ಇರಲಿಲ್ಲ, ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದಳು.

ಅಂಕಪಟ್ಟಿ ಸ್ಕ್ಯಾನರಿಗೆ ಹಾಕುತ್ತ, "ಅಮ್ಮ ಹೆಂಗಿದಾರಮ್ಮಾ?" ಎಂದು ಕೇಳಿದೆ.

"ಚೆನ್ನಾಗಿದಾರೆ. ಶಾಲೆ ಕ್ವಾರ್ಟರ್ಸಲ್ಲಿ ಒಬ್ರೇ ಇರ್ತಾರೆ. ಅಜ್ಜಿ ಹೋದ್ಮೇಲೆ ಊರಿಗೂ ಅಷ್ಟಾಗಿ ಬರಲ್ಲ." ಸ್ವಲ್ಪ ತಡೆದು ಅವಳೇ ಮುಂದುವರಿಸಿದಳು. "ನಾನು ಅವಾಗ ಅಮ್ಮನ ಹತ್ರ ಒಂದು ತಿಂಗ್ಳು ಮಾತು ಬಿಟ್ಟಿದ್ದೆ ಸರ್. ನಿಮ್ಮ ಕಾಲೇಜಲ್ಲೂ ಎಲ್ರಿಗೂ ಗೊತ್ತಾಗಿತ್ತಲ್ಲ, ನಿಮ್ಗೂ ಗೊತ್ತಿರುತ್ತೆ. ಚಿಕ್ಕಪ್ಪ ನಡುಮನೆಯಲ್ಲಿ ನಿಂತ್ಕೊಂಡು ಕೂಗಾಡಿದ್ರು. ನಂಗೆ ನಾಚ್ಕೆ ಆಗಿ, ನೀನು ಹಂಗೆ ಮಾಡಿದ್ರೆ ನಾನು ಮನೇಲಿರಲ್ಲ ಅಂತ ಅಂದ್ಬಿಟ್ಟೆ. ಅಮ್ಮ ಅವತ್ತೇ ಆ ಮೇಷ್ಟ್ರಿಗೆ ಬೇಡ ಅಂತ ಹೇಳಿದ್ರು."

ನಾನು ಹಾಳೆ ತಿರುವಿ ಹಾಕಿದೆ.

"ಅಮ್ಮನೇ ಪಕ್ಕ ಕೂರಿಸ್ಕೊಂಡು ಹೇಳಿದ್ರೆ ಹೂಂ ಅಂತಿದ್ದೆ ಸರ್. ನಿಜವಾಗ್ಲೂ. ಹೋದ್ವರ್ಷ ನಾನೇ ಕೇಳ್ದೆ, ಈಗ ನೋಡೋಣ್ವಾ ಅಮ್ಮಾ ಅಂತ. ಅವ್ರಿಗೆ ಮದ್ವೆ ಆಗಿ ಮಗು ಇದೆ ಕಣೇ, ಇನ್ನೇನು ನೋಡೋದು ಅಂದ್ರು. ಯಾರು ಊರಿಗೆಲ್ಲ ಹೇಳಿದ್ದು ಅಂತ ಎಷ್ಟು ಸಲ ಕೇಳಿದೀನಿ. ಗೊತ್ತಿಲ್ಲ ಕಣೇ ಅಂತಾರೆ."

"ನಾನಮ್ಮಾ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಹತ್ತು ನಿಮಿಷ ಉಳಿಸಲು ಮಾಡಿದ ಟಿಕ್ಕು, ಸ್ಟಾಫ್ ರೂಮಿನಲ್ಲಿ ತೆರೆದ ಲಾಗ್, ಹೋಳಿಗೆ ಊಟದ ಮಾತು, ಅವಳಮ್ಮನೆದುರು ತಪ್ಪನ್ನು ಜಗದೀಶ್ ಸರ್ ಮೇಲೆ ಹಾಕಿದ್ದು. ಅವಳು ಅಂಕಪಟ್ಟಿಗಳನ್ನು ಜೋಡಿಸಿ ಕೈಯಲ್ಲಿ ಹಿಡಿದುಕೊಂಡಳು. ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಅಮ್ಮಂಗೆ ಇದು ಗೊತ್ತಿತ್ತಾ?"

"ಆ ವಾರವೇ ಗೊತ್ತಾಯ್ತು. ನನ್ನ ಹತ್ರಾನೇ ಬಂದು ಕೇಳಿದ್ರು."

ಅವಳು ಎದ್ದು ಬಾಗಿಲವರೆಗೆ ಹೋಗಿ, ಹಿಂತಿರುಗಿ ಬಂದಳು.

"ನನ್ನ ಇಲ್ಲಿಗೆ ಕಳ್ಸಿದ್ದೇ ಅಮ್ಮ" ಎಂದಳು. "ಬೇರೆ ಕಡೆ ಅವಸರದಲ್ಲಿ ತಪ್ಪು ಮಾಡ್ತಾರೆ, ಕಡೂರಲ್ಲಿ ಓಂಕಾರ್ ಸರ್ ಇದಾರೆ, ಅಲ್ಲಿಗೇ ಹೋಗು ಅಂದ್ರು."

ಅವಳು ಕುರ್ಚಿಯ ತುದಿಯಲ್ಲಿ ಕೂತು ಅಂಕಪಟ್ಟಿಗಳನ್ನು ಮತ್ತೆ ಮೇಜಿನ ಮೇಲಿಟ್ಟಳು. "ಮುಗ್ಸಿ ಸರ್, ನಂಗೆ ಬಸ್ಸಿದೆ" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅರ್ಜಿಯಲ್ಲಿ ಮುಂದಿನ ಖಾಲಿ ಜಾಗ ತಾಯಿಯ ಹೆಸರಿನದು. ಅವಳನ್ನು ಕೇಳದೆ ನಾನೇ ತುಂಬಿದೆ. ಎರಡು ಸಲ ಅಕ್ಷರ ತಪ್ಪಿತು. ಮೂರನೆಯ ಸಲ ಸರಿಯಾಗಿ ಬರೆದೆ.